ಕಾಗೆಮೂಗಿನ ಓಡ್ನಿ ಮತ್ತು ನಡೆದಾಡುವ ಬದು

ಓಡ್ನಿ ಹಾಲ್ವರನ ಮಗಳು. ಹಾಲ್ವರ ಹಿಯಾಲ್ತಿಯ ಮಗ, ಹಿಯಾಲ್ತಿ ಕೋಲ್ಬೇನನ ಮಗ. ಕೋಲ್ಬೇನನಿಗಿಂತ ಹಿಂದೆಯೂ ಜನ ಇದ್ದರು. ಅವರು ಹುಲ್ಲು ಕೊಯ್ದರು, ಕುರಿ ಕಾದರು, ಸತ್ತರು. ಅದಕ್ಕೆಲ್ಲ ಶಾಯಿ ದಂಡ.

ಕೋಲ್ಬೇನ ಶಾರ್ಕ್ ಹಿಡಿಯುವವನು. ಚಳಿಗಾಲದ ನಡುಮಧ್ಯದಲ್ಲಿ ತೆರೆದ ದೋಣಿಯೊಳಗೆ, ನೂರೈವತ್ತು ಮಾರು ಆಳದ ನೀರಿನ ಮೇಲೆ ಮೂರು ಮೂರು ದಿನ ಲಂಗರು ಹಾಕಿ ಕೂರುತ್ತಿದ್ದ. ಗಾಳವನ್ನು ಮೇಲೆಳೆದಾಗಲೆಲ್ಲ ಅದರ ತುದಿಯ ಸೀಸದ ಗುಂಡನ್ನು ಕೆನ್ನೆಗೆ ಒತ್ತಿ ನೋಡುವ ಪದ್ಧತಿ ಅವನಿಂದ ಶುರುವಾಯಿತು. ಮೇಲಿನ ನೀರು ಬೆರಳು ಮರಗಟ್ಟಿಸುವಷ್ಟು ತಣ್ಣಗಿದ್ದರೂ ತಳದಿಂದ ಬಂದ ಗುಂಡು ಅದಕ್ಕಿಂತ ಬೆಚ್ಚಗಿರುತ್ತಿತ್ತು. "ಸಮುದ್ರ ಕಂಬಳಿನ ತಿರುವಿ ಹೊದ್ಕೊಂಡಿದೆ, ಮೇಲೆ ಚಳಿ, ಕೆಳಗೆ ಬಿಸಿ" ಎಂದು ಊರಿಗೆ ಬಂದು ಹೇಳಿದ. ಬಿಸಿಯಾದದ್ದು ಮೇಲೇರುವುದು ದೇವರ ನಿಯಮ, ನೀನು ಹೇಳುವುದು ಅಧರ್ಮ ಎಂದು ಪಾದ್ರಿಗಳು ಗದರಿಸಿದರು. "ಹಾಗಾದ್ರೆ ಮುಂದಿನ ಸಲ ದೇವರ ಕೆನ್ನೆ ಕರ್ಕೊಂಡ್ ಬನ್ನಿ" ಎಂದನಂತೆ ಕೋಲ್ಬೇನ. ಎರಡು ವರ್ಷ ಅವನಿಗೆ ಚರ್ಚಿನಲ್ಲಿ ಬಾಗಿಲ ಹತ್ತಿರದ ಬೆಂಚೇ ಗತಿಯಾಯಿತು.

ಹಿಯಾಲ್ತಿಯದು ಅದೇ ಕೆನ್ನೆ. ಒಂದು ವಸಂತದಲ್ಲಿ ಐವತ್ತು ಮಾರಿನಿಂದ ಬಂದ ಗುಂಡು, ಹಿಂದಿನ ದಿನ ಬೆಚ್ಚಗಿದ್ದದ್ದು, ಹಠಾತ್ತನೆ ಕೊರೆಯುತ್ತಿತ್ತು. ಅವನು ಆರು ದೋಣಿಗಳನ್ನು ಬೈದು ಬೈದು ಮನೆಗೆ ತಿರುಗಿಸಿದ. ಮರುದಿನ ಬೆಳಿಗ್ಗೆ ಕೊಲ್ಲಿಯ ತುಂಬ ಹಿಮಗಡ್ಡೆ. ಏಳನೇ ದೋಣಿಯೊಂದು ಅವನ ಮಾತು ಕೇಳಲಿಲ್ಲ. ಅದರಲ್ಲಿದ್ದವರ ಹೆಸರು ಹೇಳಲಾರೆ, ಅವರ ಮೊಮ್ಮಕ್ಕಳು ನಮ್ಮೂರಲ್ಲೇ ಇದ್ದಾರೆ.

ಹಾಲ್ವರನಿಗೆ ಕೆನ್ನೆಯ ಮೇಲೆ ನಂಬಿಕೆ ಇರಲಿಲ್ಲ. ಎರಡು ದಿನ ನಡೆದು ಪೇಟೆಯ ಡೇರಿಗೆ ಹೋಗಿ, ಹಾಲಿನ ಕ್ಯಾನು ತೊಳೆಯುವ ಕೆಲಸ ಮೂರು ವಾರ ಮಾಡಿ, ಹಾಲಿಗೆ ಅದ್ದುವ ಹಳೆಯ ಥರ್ಮಾಮೀಟರನ್ನು ಸಂಬಳವಾಗಿ ತಂದ. ನಮ್ಮ ಕರಾವಳಿಯಲ್ಲಿ ಸಮುದ್ರದ ಬಿಸಿಯನ್ನು ಅಂಕಿಯಲ್ಲಿ ಬರೆದ ಮೊದಲನೆಯವನು ಅವನೇ. ಎರಡು ವರ್ಷ ಬರೆದ. ಆಮೇಲೆ ಬೇಸರ ಬಂದು ಬಿಟ್ಟ.

ಅವನ ಮಗಳಿಗೆ ಬೇಸರ ಬರಲಿಲ್ಲ. ನಮ್ಮ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಓಡ್ನಿಗೆ ಮದುವೆಯಾಗಲಿಲ್ಲ. ಕೇಳಿದವರು ಇಬ್ಬರು. ಒಬ್ಬನಿಗೆ "ನಿನಗೆ ಉಬ್ಬರ ಯಾವಾಗ ಅಂತಾನೇ ಗೊತ್ತಿರಲ್ಲ" ಎಂದಳು. ಇನ್ನೊಬ್ಬನಿಗೆ ಏನು ಹೇಳಿದಳೋ, ಅವನು ಪಕ್ಕದ ಕೊಲ್ಲಿಗೆ ಹೋಗಿ ನೆಲೆಸಿದ. ತಮ್ಮ ಸ್ಟೀನಾರನ ಜೊತೆ ತಂದೆಯ ಮನೆಯಲ್ಲೇ ಉಳಿದಳು. ಅರವತ್ತು ಕುರಿ, ಒಂದು ದೋಣಿ, ವಸಂತದಲ್ಲಿ ಬಲೆ, ಬೇಸಿಗೆಯಲ್ಲಿ ಹುಲ್ಲು. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ರಾಜಧಾನಿಯ ಸಮುದ್ರ ಕಚೇರಿಯವರು, ಭೂಶಿರಗಳಲ್ಲಿ ವಾಸಿಸುವವರು ನೀರಿನ ಬಿಸಿ ಅಳೆದು ಕಳಿಸಬಹುದೇ ಎಂದು ಪತ್ರಿಕೆಯಲ್ಲಿ ಕೇಳಿದರು. ಅವಳು ಬರೆದ ಉತ್ತರ ಒಂದೇ ಸಾಲು: "ಥರ್ಮಾಮೀಟರ್ ಕಳಿಸಿ, ಮಿಕ್ಕದ್ದು ಇದೆ."

ಅಂದಿನಿಂದ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಕಾಗೆಮೂಗು ಎಂಬ ಬಂಡೆಯ ಮೆಟ್ಟಿಲಿಳಿದು ಮರದ ಬಕೆಟ್ಟನ್ನು ನೀರಿಗೆ ಬಿಟ್ಟು, ಮೇಲೆಳೆದು, ಥರ್ಮಾಮೀಟರ್ ಅದ್ದಿ, ಪುಸ್ತಕದಲ್ಲಿ ಬರೆಯುವುದು. ತಿಂಗಳಿಗೊಮ್ಮೆ ಕಚೇರಿಯ ಅಚ್ಚಿನ ಕಾಗದಕ್ಕೆ ನಕಲು ಮಾಡುವುದು. ಆ ಕಾಗದವನ್ನು ಅಂಚೆ ದೋಣಿಗೆ ಮುಟ್ಟಿಸುವುದು ನನ್ನ ಕೆಲಸ, ಏಕೆಂದರೆ ನಮ್ಮ ಹೊಲ ದಕ್ಕೆಯ ಪಕ್ಕ. ತಾಯಿ ಸತ್ತ ದಿನ ಓಡ್ನಿ ಮೂರು ಸಲವೂ ಇಳಿದಳು. ಅವಳ ಪಕ್ಕೆಲುಬು ಮುರಿದ ವಾರ ಸ್ಟೀನಾರ್ ಇಳಿದ, ಅವಳು ಮೇಲೆ ನಿಂತು ಬೈಯುತ್ತಿದ್ದಳು.

ನಮ್ಮ ಸಮುದ್ರದ ಒಂದು ಚಾಳಿಯನ್ನು ಇಲ್ಲಿ ಹೇಳಬೇಕು. ಪಶ್ಚಿಮದಿಂದ ಕರಾವಳಿಯನ್ನು ಬಳಸಿಕೊಂಡು ಬೆಚ್ಚನೆಯ ನೀರು ಬರುತ್ತದೆ. ಉತ್ತರದಿಂದ ಹಿಮದ ನೀರು ಇಳಿಯುತ್ತದೆ. ಎರಡೂ ಬೆರೆಯುವುದಿಲ್ಲ, ಜಗಳವಾಡಿದ ಅಣ್ಣತಮ್ಮಂದಿರ ಹೊಲದ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಆ ಗೆರೆಗೆ ನಾವು ಬದು ಎನ್ನುತ್ತೇವೆ. ಹೊಲದ ಬದುವಾದರೆ ಪಕ್ಕದವನು ಕದ್ದು ಸರಿಸಿದರೆ ಮಾತ್ರ ಸರಿಯುತ್ತದೆ. ಈ ಬದು ತಾನೇ ಎದ್ದು ನಡೆಯುತ್ತದೆ. ಕೆಲವು ವರ್ಷ ಎಂಬತ್ತು ಮೈಲಿ ದೂರ ಹೋಗಿ ಮಲಗುತ್ತದೆ. ಕೆಲವು ವರ್ಷ ಕಾಗೆಮೂಗಿಗೇ ಬಂದು ಮೂಗು ತಿಕ್ಕುತ್ತದೆ. ಹಾಗೆ ಹತ್ತಿರ ಬಂದ ವರ್ಷ ಉಬ್ಬರದ ಸೆಳೆತಕ್ಕೆ ಬೆಚ್ಚನೆಯ ನೀರು ಬಂಡೆಗೆ ಬಡಿಯುತ್ತದೆ, ಇಳಿತದ ಸೆಳೆತಕ್ಕೆ ತಣ್ಣನೆಯದು. ಬೆಳಿಗ್ಗೆ ಮೂರು ಡಿಗ್ರಿ, ಮಧ್ಯಾಹ್ನ ಸೊನ್ನೆಗಿಂತ ಕೆಳಗೆ, ಸಂಜೆ ಮತ್ತೆ ಮೂರು. ಮೀನು ಬದುವಿನ ಅಂಚು ಹಿಡಿದು ಓಡಾಡುತ್ತದೆ, ನಾವು ಮೀನಿನ ಹಿಂದೆ.

ಅರವತ್ತೈದರ ವಸಂತ ಅಂಥದ್ದು. ಹಿಮ ಮಾರ್ಚಿನಲ್ಲೇ ಬಂದು ಏಪ್ರಿಲ್ ಪೂರ್ತಿ ಕೊಲ್ಲಿಯಲ್ಲಿ ಕೂತಿತ್ತು. ಆ ವಸಂತವೇ ಕಚೇರಿಯಿಂದ ಕಾಗದಗಳು ಬರತೊಡಗಿದ್ದು.

ಮೊದಲನೆಯದರಲ್ಲಿ, ಬಕೆಟ್ಟನ್ನು ಗಾಳಿಯಲ್ಲಿ ಬಹಳ ಹೊತ್ತು ಇಡಬೇಡಿ, ನೀರು ಆರುತ್ತದೆ ಎಂದಿತ್ತು. ಓಡ್ನಿ ಅದನ್ನು ನನಗೆ ಓದಿ ಹೇಳಿ, ಮಡಿಸಿ, ಮತ್ತೆ ಬಿಚ್ಚಿ ಓದಿದಳು.

"ಮೂವತ್ತೊಂದು ವರ್ಷ ಆದ್ಮೇಲೆ ಬಕೆಟ್ ಹಿಡಿಯೋದು ಹೇಳ್ಕೊಡ್ತಾರೆ ನೋಡು ಬೆರ್ಗೂರ್. ಇನ್ನೇನು, ಕಾಫಿ ಕುಡಿಯೋದು ಹೇಗೆ ಅಂತಾನೂ ಬರೀತಾರೆ."

ಎರಡನೆಯದರಲ್ಲಿ, ಥರ್ಮಾಮೀಟರ್ ಕೆಟ್ಟಿರಬಹುದು, ಹೊಸದು ಕಳಿಸಿದ್ದೇವೆ ಎಂದಿತ್ತು. ಹೊಸದೂ ಹಳೆಯದೂ ಒಂದೇ ಅಂಕಿ ತೋರಿಸಿದವು. ಹಾಗೆಂದು ಬರೆದಳು.

ಮೂರನೆಯದು ಮೇ ತಿಂಗಳ ಕೊನೆಗೆ ಬಂತು. ಅದರ ಸಾರ ಇಷ್ಟು: ಕಾಗೆಮೂಗಿನ ಅಂಕಿಗಳು ಇಷ್ಟು ಜಿಗಿಯುವುದಕ್ಕೆ ನೀರಿನ ಬದು ಸೆಳೆತದೊಂದಿಗೆ ಹೋಗಿಬಂದು ಮಾಡುವುದೇ ಕಾರಣವಾಗಿದ್ದರೆ, ಆ ಜಿಗಿತ ಸೆಳೆತ ತಿರುಗುವ ಹೊತ್ತಿಗೆ ಸರಿಹೊಂದಬೇಕಿತ್ತು. ಹೊಂದುತ್ತಿಲ್ಲ. ಕೆಲವೊಮ್ಮೆ ಒಂದೂವರೆ ಗಂಟೆ ತಡ, ಕೆಲವೊಮ್ಮೆ ಎರಡೂವರೆ. ಹಳೆಯ ಕಾಗದಗಳನ್ನು ತೆಗೆದು ನೋಡಿದರೆ ಅವುಗಳದ್ದೂ ಅದೇ ಕಥೆ. ಆದ್ದರಿಂದ ಈ ಅಂಕಿಗಳು ನಂಬಲರ್ಹವಲ್ಲ. ಅಚ್ಚಾಗಲಿರುವ ಸಮುದ್ರದ ದೊಡ್ಡ ಪಟ್ಟಿಯಿಂದ ಮೂವತ್ತೊಂದು ವರ್ಷದ್ದನ್ನೂ ಬಿಡಲಾಗುವುದು, ಕಾಗೆಮೂಗಿನ ಕೇಂದ್ರವನ್ನು ಬೇಸಿಗೆಯ ಕೊನೆಗೆ ಮುಚ್ಚಲಾಗುವುದು. ಅದಕ್ಕೂ ಮುಂಚೆ ವಾಲ್ತಿರ್ ಎಂಬ ಅಧಿಕಾರಿ ಬಂದು ಒಮ್ಮೆ ಖುದ್ದಾಗಿ ನೋಡುತ್ತಾರೆ.

ಅವಳು ಬೈಯುತ್ತಾಳೆ ಎಂದು ಕಾದು ಕೂತೆ. ಬೈಯಲಿಲ್ಲ. ಸ್ಟೀನಾರ್ ಒಣಮೀನನ್ನು ಕಲ್ಲಿನ ಮೇಲೆ ಕುಟ್ಟುತ್ತಿದ್ದವನು ಸುತ್ತಿಗೆ ಕೆಳಗಿಟ್ಟ.

"ಹೋಗ್ಲಿ ಬಿಡಕ್ಕ. ಬೆಳಿಗ್ಗೆ ಬೆಚ್ಚಗೆ ಮಲಕ್ಕೋಬೋದು."

"ಸ್ಟೀನಾರ್, ನೀನು ಮಲಗಿದ್ದು ಸಾಕಾಗಿಲ್ವಾ? ಅರ್ಧ ಆಯುಸ್ಸು ಅದೇ ಮಾಡಿದ್ದೀಯ." ಆಮೇಲೆ ಕಿಟಕಿಯ ಕಡೆ ತಿರುಗಿ, ನಿಧಾನವಾಗಿ, "ನಾನು ಸುಳ್ಳು ಬರ್ದಿದೀನಿ ಅಂತಾರೆ. ಬರಲಿ ಅವನು. ಬಂದು ನೀರಲ್ಲಿ ಕೈ ಇಡಲಿ" ಎಂದಳು.

ವಾಲ್ತಿರ್ ಜೂನ್ ಎರಡನೇ ವಾರ ಅಂಚೆ ದೋಣಿಯಲ್ಲಿ ಬಂದಿಳಿದ. ಐವತ್ತೈದರ ಆಸುಪಾಸು, ಉದ್ದ ಮನುಷ್ಯ, ಒಳ್ಳೆಯ ರಬ್ಬರ್ ಬೂಟು. ಕೈಯಲ್ಲಿ ಎರಡು ಪೆಟ್ಟಿಗೆ. ಸಮುದ್ರದಲ್ಲಿ ಪಳಗಿದವನು, ದೋಣಿಯಿಂದ ಇಳಿದ ರೀತಿಯಲ್ಲೇ ಅದು ತಿಳಿಯಿತು. ಅದು ಓಡ್ನಿಗೆ ಇನ್ನಷ್ಟು ಸಿಟ್ಟು ತರಿಸಿತು. ಏನೂ ತಿಳಿಯದ ಪೇಟೆಯವನಾಗಿದ್ದರೆ ಬೈಯಲು ಸಲೀಸು.

"ಬನ್ನಿ," ಎಂದಳು, "ನಿಮ್ಮ ಉಬ್ಬರದ ಪಟ್ಟಿ ತಂದಿದೀರಾ?"

"ತಂದಿದೀನಿ ಓಡ್ನಿಯವರೇ."

"ಸಮುದ್ರಕ್ಕೂ ಒಂದು ಪ್ರತಿ ಕೊಟ್ಟಿದೀರಾ? ಅದಕ್ಕೆ ಓದೋಕ್ಕೆ ಬರಲ್ಲ, ಅದೇ ತೊಂದರೆ."

ಅವನು ನಕ್ಕ. ಅವಳು ನಗಲಿಲ್ಲ.

ನಾಲ್ವರೂ ಓಡ್ನಿಯ ದೋಣಿ ಹತ್ತಿದೆವು. ಸ್ಟೀನಾರ್ ಎಂಜಿನ್ ಹಿಡಿದ, ನಾನು ಮುಂದೆ ಕೂತೆ. ಕಾಗೆಮೂಗು ದಾಟಿ ಒಂದು ಮೈಲಿ ಹೋಗುವುದರೊಳಗೆ ಬದು ಕಣ್ಣಿಗೆ ಬಿತ್ತು. ಈಚೆಗೆ ಹಸಿರು ಮಿಶ್ರಿತ ನೀರು, ಆಚೆಗೆ ಬೂದಿ ಬಣ್ಣದ್ದು. ನಡುವೆ ನೊರೆ, ಕಿತ್ತು ಬಂದ ಪಾಚಿ, ಒಂದು ಮರದ ದಿಮ್ಮಿ, ಸಾಲು ಹಿಡಿದು ಕೂತ ಕಡಲಹಕ್ಕಿಗಳು. ಆಚೆ ಕಡೆ ಮಂಜು ಗೋಡೆಯಂತೆ ನಿಂತಿತ್ತು, ಒಳಗಿನಿಂದ ನೆಲಮಾಳಿಗೆಯ ಬಾಗಿಲು ತೆರೆದ ಹಾಗೆ ಥಂಡಿ ಬರುತ್ತಿತ್ತು.

"ನಿಲ್ಸೋ," ಎಂದಳು ಓಡ್ನಿ. "ಸರಿಯಾಗಿ ಅದರ ಮೇಲೆ. ಮೂಗು ಆ ಕಡೆ, ಬಾಲ ಈ ಕಡೆ."

ದೋಣಿ ಮೂವತ್ತು ಅಡಿಯದ್ದು. ಅವಳು ಮುಂಭಾಗದಿಂದ ಒಂದು ಬಕೆಟ್ ಇಳಿಸಿದಳು, ವಾಲ್ತಿರ್ ಹಿಂಭಾಗದಿಂದ ತನ್ನದನ್ನು. ಅವನ ಥರ್ಮಾಮೀಟರ್ ಎರಡೂ ಮುಕ್ಕಾಲು ಡಿಗ್ರಿ ಎಂದಿತು. ಅವಳದು ಸೊನ್ನೆಗಿಂತ ಎರಡು ಗೆರೆ ಕೆಳಗೆ. ಅವನು ಮಾತಾಡದೆ ಎದ್ದು ಮುಂದೆ ಬಂದು, ತನ್ನ ಥರ್ಮಾಮೀಟರನ್ನೇ ಅವಳ ಬಕೆಟ್ಟಿಗೆ ಅದ್ದಿದ. ಎರಡು ಗೆರೆ ಕೆಳಗೆ.

"ಒಂದೇ ದೋಣಿ," ಎಂದಳು ಓಡ್ನಿ. "ಮುಂದಿರೋನಿಗೆ ಚಳಿಗಾಲ, ಹಿಂದಿರೋನಿಗೆ ವಸಂತ. ಈಗ ನಿಮ್ಮ ಕಚೇರಿಯೋರು ಸರಾಸರಿ ಮಾಡಿ, ಒಂದೂ ಕಾಲು ಅಂತ ಬರ್ಕೊಳ್ಳಿ. ಮಧ್ಯ ಕೂತಿರೋ ಸ್ಟೀನಾರ್‌ಗೆ ಸರಿಹೋಗುತ್ತೆ."

"ಬಿಸಿಯ ಬಗ್ಗೆ ನಂಗೆ ಅನುಮಾನ ಇಲ್ಲ," ಎಂದ ವಾಲ್ತಿರ್. "ನಿಮ್ಮ ಅಂಕಿ ಸರಿ. ಇಷ್ಟು ಚೂಪಾದ ಬದು ನಾನು ನೋಡಿರ್ಲಿಲ್ಲ."

ಅವಳ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು. ಒಂದು ಸಣ್ಣ ಗುಂಡನ್ನು ಹಗ್ಗಕ್ಕೆ ಕಟ್ಟಿ ನಲವತ್ತು ಮಾರು ಇಳಿಸಿ, ಮೇಲೆಳೆದು, ತನ್ನ ಕೆನ್ನೆಗೆ ಒತ್ತಿ, ಅವನ ಕಡೆಗೂ ಚಾಚಿದಳು. ಅವನು ಕನ್ನಡಕ ತೆಗೆದು ಕೆನ್ನೆ ಕೊಟ್ಟ.

"ಕೆಳಗೆ ಬೆಚ್ಚಗಿದೆ," ಎಂದ ಆಶ್ಚರ್ಯದಿಂದ. "ತಣ್ಣೀರು ತೆಳ್ಳಗೆ ಮೇಲೆ ಹರಡಿದೆ ಅಷ್ಟೆ."

"ಅಷ್ಟೇ. ಇದನ್ನ ನಮ್ಮ ಮುತ್ತಜ್ಜ ಓದು ಬರಹ ಇಲ್ದೆ ಹೇಳಿದ್ದ."

ಅಷ್ಟು ಹೊತ್ತಿಗೆ ನೊರೆಯ ಗೆರೆ ಅಲ್ಲಾಡಿತು. ನಾವು ನಿಂತಿದ್ದಂತೆಯೇ ಅದು ದೋಣಿಯ ಕೆಳಗೆ ಜಾರಿ ಹಿಂದಕ್ಕೆ ಸರಿಯತೊಡಗಿತು. ಸ್ಟೀನಾರ್‌ನ ಪಕ್ಕದ ನೀರೂ ಬೂದಿಯಾಯಿತು. ಸೆಳೆತ ತಿರುಗಿತ್ತು. ಓಡ್ನಿ, ವಾಲ್ತಿರ್ ಇಬ್ಬರೂ ಒಟ್ಟಿಗೆ ಪುಸ್ತಕ ತೆಗೆದರು. ವಾಲ್ತಿರ್ ತನ್ನ ಉಬ್ಬರದ ಪಟ್ಟಿ ನೋಡಿ, ಕೈಗಡಿಯಾರ ನೋಡಿ, ತೃಪ್ತಿಯಿಂದ ತಲೆದೂಗಿದ.

"ಪಟ್ಟಿ ಹೇಳಿದ್ದಕ್ಕಿಂತ ಐದೇ ನಿಮಿಷ ಹೆಚ್ಚುಕಮ್ಮಿ. ನೀವೆಷ್ಟು ಗಂಟೆ ಅಂತ ಬರ್ಕೊಂಡ್ರಿ?"

ಓಡ್ನಿ ಅಂಗಿಯೊಳಗಿನಿಂದ ತಂದೆಯ ಜೇಬುಗಡಿಯಾರ ತೆಗೆದಳು. "ಹನ್ನೊಂದೂ ಕಾಲು."

"ಒಂಬತ್ತೂ ಕಾಲು ಅಲ್ವಾ?"

"ಹನ್ನೊಂದೂ ಕಾಲು. ನಿಮ್ದು ನಿಂತಿರ್ಬೇಕು, ಕಿವಿಗಿಟ್ಟು ನೋಡಿ."

ಅವನು ಕಿವಿಗಿಟ್ಟು ನೋಡಿದ. ಅವಳೂ ತನ್ನದನ್ನು ಕಿವಿಗಿಟ್ಟಳು. ಎರಡೂ ಓಡುತ್ತಿದ್ದವು. ಆಗ ಸ್ಟೀನಾರ್, ನಾಳೆ ಗಾಳಿ ಬರಬಹುದು ಎನ್ನುವ ದನಿಯಲ್ಲಿ, "ಯಾವ್ದೂ ಕೆಟ್ಟಿಲ್ಲ ಸ್ವಾಮಿ. ನಮ್ಮನೆ ಗಡಿಯಾರ ಮುಂದಿದೆ" ಎಂದ.

"ಯಾವತ್ತಿಂದ?"

"ನಮ್ಮಜ್ಜನ ಕಾಲದಿಂದ."

ನನಗೆ ಸಮುದ್ರಕ್ಕೆ ಹಾರೋಣ ಎನಿಸಿತು, ಬೂದಿ ಬಣ್ಣದ ಕಡೆಗೆ.

ಹಿಂದಿನ ಕಾಲದಲ್ಲಿ ನಮ್ಮ ಸೀಮೆಯ ಹೊಲದ ಮನೆಗಳಲ್ಲೆಲ್ಲ ಗಡಿಯಾರ ಮುಂದಿಡುವುದು ಪದ್ಧತಿ. ಆಳುಕಾಳುಗಳು ಬೇಗ ಏಳಲಿ, ಬೇಗ ಮಲಗಲಿ, ದೀಪದೆಣ್ಣೆ ಉಳಿಯಲಿ, ಪಕ್ಕದ ಮನೆಯವರಿಗಿಂತ ಮೊದಲು ಹುಲ್ಲಿಗೆ ಕುಡುಗೋಲು ಬೀಳಲಿ. ಒಂದೊಂದು ಮನೆಗೂ ಅದರದೇ ಹೊತ್ತು. ಆಮೇಲೆ ಸರ್ಕಾರದ ಹೊತ್ತು ಬಂತು, ರೇಡಿಯೋ ಬಂತು, ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಬಿಡದೆ ಉಳಿದ ಮನೆ ಒಂದೇ. ಓಡ್ನಿ ಮೂರು ಗಂಟೆಗೆ ಕಾಫಿಗೆ ಬನ್ನಿ ಎಂದರೆ ಊರಿನವರೆಲ್ಲ ಒಂದು ಗಂಟೆಗೆ ಹೋಗುತ್ತಿದ್ದೆವು. ಅದು ನಮಗೆ ಉಸಿರಾಡಿದಷ್ಟು ಸಹಜ. ಮೂವತ್ತೊಂದು ವರ್ಷ ಆ ಕಾಗದಗಳನ್ನು ದಕ್ಕೆಗೆ ಹೊತ್ತವನು ನಾನು. ಅದರಲ್ಲಿ "ಹೊತ್ತು" ಎಂಬ ಕಾಲಮ್ಮನ್ನು ಸಾವಿರ ಸಲ ನೋಡಿದವನೂ ನಾನೇ. ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಪುಸ್ತಕ ಓದಿದ್ದೇನೆ ಎಂದು ಊರಲ್ಲಿ ಮೆರೆಯುತ್ತೇನೆ ಬೇರೆ.

ದಡಕ್ಕೆ ಬರುವ ತನಕ ಓಡ್ನಿ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಅಡುಗೆಮನೆಯಲ್ಲಿ ಕಾಫಿ, ತೆಳುರೊಟ್ಟಿಯ ಮೇಲೆ ಹೊಗೆ ಹಾಕಿದ ಕುರಿಮಾಂಸ. ವಾಲ್ತಿರ್‌ಗೆ ಹುಮ್ಮಸ್ಸು ಬಂದಿತ್ತು.

"ಇದರಷ್ಟು ಸುಲಭ ಇನ್ನೊಂದಿಲ್ಲ! ನಿಮ್ಮ ಅಂಕಿಗಳೆಲ್ಲ ಸರಿ, ಹೊತ್ತು ಮಾತ್ರ ಎರಡು ಗಂಟೆ ಮುಂದೆ. ಎಲ್ಲದರಲ್ಲೂ ಎರಡು ಕಳೆದ್ರೆ ಆಯ್ತು. ಕಚೇರಿಲಿ ಒಂದು ವಾರದ ಕೆಲಸ."

"ಎಲ್ಲದರಲ್ಲೂ ಎರಡಿಲ್ಲ," ಎಂದಳು ಓಡ್ನಿ.

"ಅಂದ್ರೆ?"

"ಬೇಸಿಗೇಲಿ ಎರಡು. ಚಳಿಗಾಲದಲ್ಲಿ ಒಂದೂವರೆ. ಕುರಿ ಮರಿಹಾಕೋವಾಗ ಎರಡೂವರೆ."

"ಅದು ಅಮ್ಮ ಇದ್ದಾಗ," ಎಂದ ಸ್ಟೀನಾರ್. "ಅಮ್ಮ ಹೋದ್ಮೇಲೆ ಮರಿಹಾಕೋವಾಗ್ಲೂ ಎರಡೇ."

"ನೀನು ಸುಮ್ನಿರು. ಎರಡೂವರೆ ಇತ್ತು. ಯುದ್ಧ ಮುಗಿಯೋ ತನಕ ಇತ್ತು."

"ಎಲ್ಲಿ ಯುದ್ಧ? ಗಡಿಯಾರದ ಸ್ಪ್ರಿಂಗ್ ಮುರಿದ ವರ್ಷದ ತನಕ. ಆಮೇಲೆ ಚರ್ಚಿನ ಗಂಟೆ ಕೇಳಿ ಅಂದಾಜಿಗೆ ಇಟ್ಟೆ ನಾನು."

"ಅಂದಾಜಿಗೆ?" ಎಂದ ವಾಲ್ತಿರ್, ಸಣ್ಣ ದನಿಯಲ್ಲಿ.

"ಅಂದಾಜಿಗೆ," ಎಂದ ಸ್ಟೀನಾರ್ ಹೆಮ್ಮೆಯಿಂದ. "ಚರ್ಚಿನದೇ ಹಿಂದಿತ್ತು ಅಂತ ಆಮೇಲೆ ಗೊತ್ತಾಯ್ತು."

ವಾಲ್ತಿರ್ ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟ. "ಹೀಗಾದ್ರೆ ಹೇಗೆ ಓಡ್ನಿಯವರೇ! ವಿಜ್ಞಾನದ ಕೆಲಸ ಇದು. ಹೊತ್ತು ಅನ್ನೋದು ಒಂದೇ ಇರ್ಬೇಕು!"

ಓಡ್ನಿ ಕಾಫಿ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಅಲ್ಲಿಂದ ಮುಂದೆ ಅವನಿಗೆ ಬಹುವಚನ ಸಿಗಲಿಲ್ಲ.

"ಒಂದೇನಾ? ನಿನ್ನ ಸರ್ಕಾರ ವಸಂತದಲ್ಲಿ ಒಂದ್ಸಲ ಮುಂದಕ್ಕೆ ತಿರುಗ್ಸುತ್ತೆ, ಶರತ್ಕಾಲದಲ್ಲಿ ಹಿಂದಕ್ಕೆ ತಿರುಗ್ಸುತ್ತೆ. ರೇಡಿಯೋದಲ್ಲಿ ಹೇಳ್ಕೊಂಡು ತಿರುಗ್ಸಿದ್ರೆ ವಿಜ್ಞಾನ, ನಮ್ಮಮ್ಮ ತಿರುಗ್ಸಿದ್ರೆ ತಪ್ಪು! ನಿನ್ನ ಅಚ್ಚಿನ ಕಾಗದದಲ್ಲಿ 'ಹೊತ್ತು' ಅಂತ ಇತ್ತು. ಯಾರ ಹೊತ್ತು ಅಂತ ಇತ್ತಾ? ತಗೊಂಡ್ ಬಾ, ಓದಿ ತೋರಿಸು."

ಅವನು ಪೆಟ್ಟಿಗೆ ತೆಗೆದು ಕಾಗದ ಹುಡುಕಿ ಓದಿದ. ಹೊತ್ತು ಎಂದಷ್ಟೇ ಇತ್ತು.

"ಇಲ್ಲ," ಎಂದು ಒಪ್ಪಿಕೊಂಡ. ಆಮೇಲೆ ಬೇಸರದಿಂದ, ಆದರೆ ಸುಳ್ಳಿಲ್ಲದೆ, "ನಮ್ಮ ತಪ್ಪೂ ಇದೆ. ಆದ್ರೆ ನಾನೇನು ಮಾಡ್ಲಿ? ಹೊತ್ತಿಲ್ಲದ ಅಂಕಿ ದೊಡ್ಡ ಪಟ್ಟಿಗೆ ಬರಲ್ಲ. ಬದು ಎಲ್ಲಿತ್ತು ಅಂತ ಹೇಳೋಕ್ಕೆ, ನೀರು ಯಾವ ಕಡೆ ಹರೀತಿತ್ತು ಅಂತ ಗೊತ್ತಿರ್ಬೇಕು. ಅದಿಲ್ದೆ ಇದು ಬರೀ ಮೂವತ್ತೊಂದು ವರ್ಷದ ಥಂಡಿ. ಬಿಡಲೇಬೇಕಾಗುತ್ತೆ" ಎಂದ.

ಓಡ್ನಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವಳ ಕೈ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅಂದೇ. ಅಳುತ್ತಾಳೆಂದು ಭಯವಾಯಿತು. ಬದಲಿಗೆ ಹುಬ್ಬು ಗಂಟಿಕ್ಕಿದಳು.

"ನೀರು ಯಾವ ಕಡೆ ಹರೀತಿತ್ತು ಅಂತ ಗೊತ್ತಾದ್ರೆ ಸಾಕಾ ನಿಂಗೆ? ಗಡಿಯಾರ ಬೇಡ್ವಾ?"

"ಸಾಕು. ನೀರಿನ ಮಟ್ಟ ಗೊತ್ತಾದ್ರೆ ಉಬ್ಬರದ ಪಟ್ಟಿ ನೋಡಿ ಹೊತ್ತನ್ನೂ ಕಂಡುಹಿಡೀಬೋದು."

"ಅದನ್ನ ಮೊದಲೇ ಬೊಗಳೋಕ್ಕೆ ಏನಾಗಿತ್ತು?"

ಒಳಗೆ ಹೋಗಿ ಒಂದು ಪುಸ್ತಕ ತಂದಳು. ಕಚೇರಿಗೆ ಕಳಿಸಿದ ನಕಲಲ್ಲ, ಬಂಡೆಯ ಮೇಲೆ ನಿಂತು ಬರೆದ ಮೂಲ. ಉಪ್ಪುನೀರಿಗೆ ಉಬ್ಬಿ ಇಟ್ಟಿಗೆಯಂತಾಗಿತ್ತು. ಒಂದೊಂದು ಅಂಕಿಯ ಪಕ್ಕದಲ್ಲೂ ಸಣ್ಣದಾಗಿ ಇನ್ನೊಂದು: ಏಳು, ಏರಿಕೆ. ನಾಲ್ಕು, ಇಳಿಕೆ. ಒಂಬತ್ತು, ಏರಿಕೆ.

"ಏನಿದು?" ಎಂದ ವಾಲ್ತಿರ್.

"ಮೆಟ್ಟಿಲು. ಕಾಗೆಮೂಗಿಗೆ ಹನ್ನೊಂದು ಮೆಟ್ಟಿಲಿವೆ. ನೀರು ಯಾವ ಮೆಟ್ಟಿಲಲ್ಲಿದೆ, ಏರ್ತಿದೆಯೋ ಇಳೀತಿದೆಯೋ ಅಂತ ಪ್ರತಿ ಸಲ ಬರ್ಕೊಂಡಿದೀನಿ. ಇಲ್ಲಾಂದ್ರೆ ನಾಳೆ ಎಲ್ಲಿ ನಿಲ್ಲಬೇಕು ಅಂತ ಹೆಂಗೆ ಗೊತ್ತಾಗ್ಬೇಕು? ಕಾಲು ಜಾರಿದ್ರೆ ನಿನ್ನ ಕಚೇರಿ ಬಂದು ಎತ್ತುತ್ತಾ?"

"ಇದನ್ನ ನಮಗ್ಯಾಕೆ ಕಳಿಸ್ಲಿಲ್ಲ?" ಅವನು ಹೆಚ್ಚುಕಡಿಮೆ ಕೂಗಿದ.

"ನಿನ್ನ ಕಾಗದದಲ್ಲಿ ಅದಕ್ಕೆ ಜಾಗ ಎಲ್ಲಿತ್ತು?"

ವಾಲ್ತಿರ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ತನ್ನ ಉಬ್ಬರದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಾರ್ಚಿನ ಒಂದು ವಾರವನ್ನು ಲೆಕ್ಕ ಹಾಕಿ ನೋಡಿದ. ಆಮೇಲೆ ಇನ್ನೊಂದು ವಾರ. ಕಾಫಿ ಆರಿತು. ಜಿಗಿತಗಳೆಲ್ಲ ಸೆಳೆತದ ಬೆನ್ನಿಗೇ ಬಿದ್ದವು. ತಣ್ಣೀರು ಯಾವ ದಿನ ಎಷ್ಟು ಹೊತ್ತು ಬಂಡೆಯನ್ನು ಹಿಡಿದಿತ್ತು, ಬದು ಯಾವ ವಾರ ಹತ್ತಿರ ಬಂತು, ಯಾವ ವಾರ ದೂರ ಹೋಯಿತು, ಎಲ್ಲ ತೆರೆದುಕೊಂಡಿತು. ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಇಂಥ ಪುಸ್ತಕ ಎಷ್ಟಿವೆ?"

"ವರ್ಷಕ್ಕೊಂದು."

"ಮೂವತ್ಮೂರು ಸಾವಿರ ಅಂಕಿ," ಎಂದ ತನಗೇ ಹೇಳಿಕೊಂಡಂತೆ. "ಒಂದೊಂದಕ್ಕೂ ಮೆಟ್ಟಿಲು ನೋಡಿ ಹೊತ್ತು ಹಾಕ್ಬೇಕು. ಆದ್ರೆ ಆಗುತ್ತೆ. ದೊಡ್ಡ ಪಟ್ಟಿಗೆ ಬರುತ್ತೆ. ಪಟ್ಟಿ ಅಚ್ಚಾಗೋಕ್ಕೆ ಇನ್ನೂ ಮೂರು ವರ್ಷ ಇದೆ, ಅಲ್ಲೀವರೆಗೆ ಕೇಂದ್ರ ಮುಚ್ಚೋ ಮಾತಿಲ್ಲ. ಅದನ್ನ ನಾನು ಇಲ್ಲೇ ಬರ್ದು ಕೊಡ್ತೀನಿ."

ಬರೆದು ಕೊಟ್ಟ. ಓಡ್ನಿ ಎರಡು ಸಲ ಓದಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ವಾಲ್ತಿರ್‌ಗೆ ಒಳ್ಳೆಯ ಮನಸ್ಸೇ. ಎದ್ದು ನಿಂತು, ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿ ಕೊಡಿ, ರಾಜಧಾನಿಗೆ ಒಯ್ಯುತ್ತೇನೆ, ಲೆಕ್ಕ ಬಲ್ಲ ಇಬ್ಬರನ್ನು ಇದಕ್ಕೇ ಕೂರಿಸುತ್ತೇನೆ, ಒಂದೇ ಚಳಿಗಾಲದಲ್ಲಿ ಮುಗಿಸಿ ಪುಸ್ತಕ ವಾಪಸು ಕಳಿಸುತ್ತೇನೆ ಎಂದ. ಇಲ್ಲವೇ ಒಬ್ಬರನ್ನು ಇಲ್ಲಿಗೇ ಕಳಿಸುತ್ತೇನೆ, ಊಟ ವಸತಿ ಕಚೇರಿಯದ್ದೇ. ನಾನೂ ಬಾಯಿ ಹಾಕಿದೆ. "ನಾನೂ ದಿನಾ ಬಂದು ಕೂರ್ತೀನಿ ಓಡ್ನಿ. ನಿಂಗೆ ಅರವತ್ತೊಂದು. ಕಣ್ಣೂ ಮೊದಲಿನ ಹಾಗಿಲ್ಲ. ಹಠ ಮಾಡ್ಬೇಡ ಮಾರಾಯ್ತಿ."

ಅವಳು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಿನ್ನ ಇಬ್ಬರು ಲೆಕ್ಕದೋರು ಅಲ್ಲೇ ಇರ್ಲಿ ವಾಲ್ತಿರ್. ಅವರಿಗೆ ಒಂದು ಅಂಕಿ ವಿಚಿತ್ರ ಅನ್ಸಿದ್ರೆ ತಿದ್ದೋ ಚಾಳಿ ಇರುತ್ತೆ. ಸ್ಟೀನಾರ್, ನೀನಂತೂ ಈ ಪುಸ್ತಕಗಳ ಕಡೆ ತಲೆ ಹಾಕಿದ್ರೆ ಜೋಕೆ, ಅಂದಾಜಿಗೆ ಅಂತೆ ಅಂದಾಜಿಗೆ! ಬೆರ್ಗೂರ್, ನೀನು ಮೂವತ್ತೊಂದು ವರ್ಷ ಕಾಗದ ಹೊತ್ತು ಒಂದ್ಸಲನೂ ನೋಡ್ದೆ ಇದ್ದೋನು, ನಿನ್ನ ಸಹಾಯ ನಂಗೆ ಯಾಕಪ್ಪ? ಗಡಿಯಾರ ನಂದು, ತಪ್ಪೂ ನಂದೇ. ಆ ಮೆಟ್ಟಿಲಲ್ಲಿ ನಿಂತ ಕಾಲೂ ನಂದೇ, ಯಾವತ್ತು ಎಲ್ಲಿ ನಿಂತಿದ್ದೆ ಅಂತ ಕೂತು ಬರೆಯೋಕ್ಕೆ ನಂಗೆ ಮೂರು ಚಳಿಗಾಲ ಸಾಕು. ಕಣ್ಣು ಕಾಣ್ದಿದ್ರೆ ದೀಪ ಹತ್ತಿರಕ್ಕೆಳ್ಕೋತೀನಿ. ಯಾರೂ ಬರೋದು ಬೇಡ. ಹೋಗುವಾಗ ಬಾಗಿಲು ಹಾಕ್ಕೊಂಡ್ ಹೋಗಿ, ಒಲೆ ಆರುತ್ತೆ."